ಹದಿನಾಲ್ಕನೇ ದಿನ

ಕಾರ್ಖಾನೆಗಳಿಗೆ ಪರವಾನಗಿ ಕೊಡುವ ಕಚೇರಿಯ ಮೂರನೇ ಮಹಡಿಯಲ್ಲಿ ಆ ಗುಮಾಸ್ತರಿಗೆ ಗಡಿಯಾರ ಎಂದೇ ಹೆಸರು. ಕೈಯಲ್ಲಿ ವಾಚಿರಲಿಲ್ಲ, ಆದರೆ ಯಾವ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಬಿದ್ದಿದೆಯೆಂದು ಕಡತ ತೆರೆಯದೆ ಹೇಳುತ್ತಿದ್ದರು. ಎಲ್ಲಿ ಬಂಡವಾಳ ಹೂಡಬಹುದೆಂದು ದೇಶಗಳನ್ನು ತೂಗಿ ನೋಡುವ ಪಟ್ಟಿಯೊಂದಿತ್ತು. ಕಾರ್ಖಾನೆಗೆ ವಿದ್ಯುತ್ ಸಿಗಲು ಎಷ್ಟು ದಿನ ಬೇಕೆಂಬ ಅದರ ಪ್ರಶ್ನೆಗೆ ಉತ್ತರ ಹೋಗುತ್ತಿದ್ದುದು ಇವರಿಂದಲೇ.

ಎಂಟು ವರ್ಷದ ಹಿಂದೆ ಅವರೊಂದು ಟಿಪ್ಪಣಿ ಬರೆದಿದ್ದರು. ಕೊರತೆಯಿರುವ ಅರ್ಜಿಯನ್ನು ಹಿಂದಿರುಗಿಸಿದರೆ, ಮರಳಿ ಬಂದಾಗ ಹೊಸ ಸಂಖ್ಯೆ ಕೊಟ್ಟು ದಿನಗಳನ್ನು ಒಂದರಿಂದ ಎಣಿಸಬೇಕು. ಅರ್ಜಿದಾರರ ತಡಕ್ಕೆ ಕಚೇರಿ ಹೊಣೆಯಲ್ಲವಲ್ಲ. ಆಗ ಅದು ನ್ಯಾಯವೆನಿಸಿತ್ತು. ಆದರೆ ಅರ್ಜಿ ವಿಲೇವಾರಿಗೆ ಕಚೇರಿಗಿದ್ದ ಗಡುವು ಹದಿನೈದು ದಿನ. ಹದಿನಾಲ್ಕನೇ ದಿನ ಒಂದೇ ಒಂದು ಕೊರತೆ ಹುಡುಕಿ ವಾಪಸು ಕಳಿಸುವುದನ್ನು ಮಹಡಿಯೆಲ್ಲ ಕಲಿತುಬಿಟ್ಟಿತು.

ಈಗ ಆ ಟಿಪ್ಪಣಿ ಅವರ ತಂಗಿಯ ಕೊರಳಿಗೇ ಸುತ್ತಿಕೊಂಡಿತ್ತು. ತಗಡಿನ ಸೂರಿನಡಿ ಮೂರು ಯಂತ್ರವಿಟ್ಟು ಸ್ಪ್ರಿಂಗ್ ಮಾಡುವವಳು. ಹೊರದೇಶದ ಪಂಪ್ ಕಂಪನಿಯೊಂದು ಅವಳ ಮಾದರಿ ಮೆಚ್ಚಿ, ತಿಂಗಳ ಕೊನೆಯೊಳಗೆ ನಾಲ್ಕನೇ ಯಂತ್ರ ಓಡಿದರೆ ವರ್ಷಪೂರ್ತಿ ಕೆಲಸ ಕೊಡುವುದಾಗಿ ಹೇಳಿತ್ತು. ಯಂತ್ರ ಬಂದು ಮೂಲೆಯಲ್ಲಿ ಕೂತಿತ್ತು. ಹೆಚ್ಚುವರಿ ವಿದ್ಯುತ್ತಿನ ಅರ್ಜಿ ತಿಂಗಳ ಕೊನೆಯ ದಿನ ಒಂಬತ್ತನೇ ಸಲ ವಾಪಸಾಯಿತು.

"ಈ ಸಲ ಏನಂತೆ ಅಣ್ಣ?" ಕೌಂಟರಿನ ಕಿಟಕಿಯಾಚೆಯಿಂದ ಕೇಳಿದಳು.

"ನಕ್ಷೇಲಿ ಬಾಗಿಲು ಎಲ್ಲಿದೆ ಅಂತ ತೋರಿಸಿಲ್ವಂತೆ."

"ಇಷ್ಟು ದಿನ ನಾನು ಗೋಡೆ ಹಾರಿ ಒಳಗೆ ಹೋಗ್ತಿದ್ದೆ ಅಂದ್ಕೊಂಡಿದ್ರಾ?" ಅಲ್ಲೇ ಪೆನ್ಸಿಲಿನಿಂದ ಬಾಗಿಲು ಬರೆದು ಒಳಗೆ ತಳ್ಳಿದಳು.

ವಿದ್ಯುತ್ತಿಗೆ ಎಷ್ಟು ದಿನವೆಂದು ಕೇಳುವ ಪಟ್ಟಿಯ ನಮೂನೆ ಮೇಜಿನ ಮೇಲೇ ಇತ್ತು. ಉದಾಹರಣೆಗೆ ತಂಗಿಯ ಅರ್ಜಿಯನ್ನೇ ತೆಗೆದುಕೊಂಡರು. ಅರ್ಜಿ ಹುಟ್ಟಿ ನೂರಾ ನಲವತ್ತೈದು ದಿನ. ತಂಗಿಯಿಂದಾದ ತಡ ಹತ್ತೊಂಬತ್ತು. ಅದನ್ನು ಪ್ರಾಮಾಣಿಕವಾಗಿ ಕಳೆದು, ನೂರಾ ಇಪ್ಪತ್ತಾರು ಎಂದು ಬರೆದು ಸಾಹೇಬರ ಮುಂದಿಟ್ಟರು.

"ಏನ್ರೀ ಗಡಿಯಾರ, ಕೆಟ್ಟು ಹೋಯ್ತಾ? ಹದಿನಾಲ್ಕಲ್ವಾ?"

"ಹದಿನಾಲ್ಕು ಕೊನೇ ಸಂಖ್ಯೆಯದು ಸಾರ್. ಎಲ್ಲಾ ಅರ್ಜೀನೂ ನಾವು ಹೀಗೇ ಕೊನೇ ಸಂಖ್ಯೆಯಿಂದ ಎಣಿಸ್ತಿರೋದು."

"ಹೀಗೆ ಎಣಿಸಿ ಅಂತ ಬರೆದೋರು ಯಾರು?"

ಸಾಹೇಬರು ಬೇರೆ ನಮೂನೆ ತೆಗೆದು ದುಂಡಗೆ ಹದಿನಾಲ್ಕು ಬರೆದರು.

ಮೇಜಿಗೆ ಮರಳಿದಾಗ ಕಂಪ್ಯೂಟರು ತಂಗಿಯ ಅರ್ಜಿಗೆ ಹತ್ತನೆಯ ಸಂಖ್ಯೆ ಕೊಟ್ಟಿತ್ತು. ಅರ್ಜಿಯಲ್ಲಿ ಅದರ ಪಕ್ಕದಲ್ಲೇ ಅವರು ಮೊದಲ ಸಂಖ್ಯೆ, ಮೊದಲ ತಾರೀಕು ಬರೆದು ಸಹಿ ಹಾಕಿದರು.

"ಇದರಿಂದ ಕರೆಂಟ್ ಬರುತ್ತಾ?" ಕಿಟಕಿಯಲ್ಲಿ ಇನ್ನೂ ನಿಂತಿದ್ದ ತಂಗಿ ಕೇಳಿದಳು.

"ಇಲ್ಲ."

ತಂಗಿ ಫೋನ್ ತೆಗೆದು ಅಲ್ಲೇ ನಿಂತು ಪಂಪ್ ಕಂಪನಿಗೆ ಎರಡು ಸಾಲು ಬರೆದಳು. ಬೇರೆಯವರನ್ನು ನೋಡಿಕೊಳ್ಳಿ ಎಂದು. ಅಣ್ಣನಿಗೂ ಓದಿ ಹೇಳಿದಳು.

"ಸಂಜೆ ಆ ಕಡೆ ಬಾ," ಎಂದಳು ಆಮೇಲೆ. "ಯಂತ್ರಕ್ಕೆ ಟಾರ್ಪಾಲು ಹೊದಿಸ್ಬೇಕು. ಒಬ್ಬಳ ಕೈಲಿ ಆಗಲ್ಲ."