ಜೀವ ಇದೆ, ಗಾಡಿ ಕಳಿಸಿರಿ

ನಾನು ನಿಂತಿದ್ದು ಅಸುಂಡಿಯಿಂದ ಗದಗಿನ ಕಡೆಗೆ ಅರ್ಧ ಮೈಲಿ ದೂರದಲ್ಲಿ, ಬಂಡಿದಾರಿಯ ಎಡಕ್ಕೆ, ಮೂರು ಹೊಲಗಳ ಗಡಿ ಕೂಡುವ ಕಲ್ಲಿನ ಹತ್ತಿರ. ಅವತ್ತು ಬುಧವಾರ. ಏಕೀಕರಣಕ್ಕೆ ಇನ್ನೂ ಹದಿನೈದು ದಿನವಿತ್ತು. ಹೊತ್ತು ಹನ್ನೊಂದೂಕಾಲು. ಗಡಿಯಾರ ನೋಡಿದ್ದು ವಿಮಾನ ಬಿದ್ದ ಮೇಲೆ. ಹೀಗಾಗಿ ಒಂದೆರಡು ನಿಮಿಷ ಹಿಂದುಮುಂದು ಆಗಿರಬಹುದು.

ನಾನು ಆಗ ಸರ್ವೇ ಖಾತೆಯಲ್ಲಿ ಹೊಸದಾಗಿ ಸೇರಿದ ಮೋಜಣಿದಾರ. ನನ್ನ ಜೊತೆ ಇದ್ದವನು ಅಳತೆಯ ಸರಪಳಿ ಹಿಡಿಯುವ ಆಳು, ವಯಸ್ಸಿನಲ್ಲಿ ನನ್ನ ತಂದೆಯಷ್ಟು. ಹಿಂಗಾರಿ ಜೋಳ ಬೆರಳುದ್ದ ಮೊಳೆತಿತ್ತು. ನಮ್ಮ ಬಲಕ್ಕೆ, ಹಳ್ಳದ ದಂಡೆಯಲ್ಲಿ, ಸುತ್ತಲಿನ ಊರವರು ಸತ್ತ ದನ ಎಸೆಯುವ ಜಾಗ. ಹಿಂದಿನ ದಿನ ಒಂದು ಎಮ್ಮೆ ಬಿದ್ದಿತ್ತು. ಮೇಲೆ ರಣಹದ್ದುಗಳು ಸುತ್ತುತ್ತಿದ್ದವು. ಎಷ್ಟು ಎಂದು ಎಣಿಸಿರಲಿಲ್ಲ.

ಅಂದು ಗದಗಿನಲ್ಲಿ ಏಕೀಕರಣದ ಸಭೆ. ಸಭೆಯ ಮೇಲೆ ಹೂ ಚೆಲ್ಲಲು ಮೈಸೂರು ಕಡೆಯಿಂದ ಒಂದು ಸಣ್ಣ ವಿಮಾನ ತರಿಸಿದ್ದರು. ಅದು ಒಂದು ಸುತ್ತು ಹಾಕಿ ಅರ್ಧ ಹೂ ಚೆಲ್ಲಿ, ಎರಡನೇ ಸುತ್ತಿಗೆ ತಿರುಗಲು ಅಸುಂಡಿಯ ಮೇಲೆ ಬಂತು. ಸಭೆಯವರು ಅದು ಕೆಲಸ ಮುಗಿಸಿ ಹೋಯಿತು ಎಂದುಕೊಂಡರು. ಎರಡು ಹದ್ದು ಅದಕ್ಕೆ ಎದುರಾದವು. ಒಂದು ಮುಂದಿನ ಪಂಖಕ್ಕೆ ಸಿಕ್ಕಿತು. ಇನ್ನೊಂದು ರೆಕ್ಕೆಗೆ ಬಡಿದು ಕೆಳಗೆ ಬಿತ್ತು. ಶಬ್ದ ನಿಂತಿತು. ಆ ಮೇಲೆ ವಿಮಾನ ಓಲಾಡುತ್ತ ಇಳಿದು, ಬದುವಿಗೆ ಮೂಗು ಬಡಿದು ನಿಂತಿತು. ಕಲ್ಲಿನಿಂದ ಅಲ್ಲಿಗೆ ಆರು ಸರಪಳಿ. ಇದನ್ನು ಮರುದಿನ ಅಳೆದೆ.

ಒಳಗೆ ಒಬ್ಬನೇ ಇದ್ದ. ಮೂವತ್ತರ ಆಸುಪಾಸಿನ ಮನುಷ್ಯ. ಎಡ ತೊಡೆ ಮುರಿದು ರಕ್ತ ಹರಿಯುತ್ತಿತ್ತು. ನಾವಿಬ್ಬರೂ ಎಳೆದು ಹೊರಗೆ ಮಲಗಿಸಿದೆವು. ನನ್ನ ಧೋತರ ಹರಿದು ತೊಡೆಯ ಮೇಲ್ಗಡೆ ಬಿಗಿದು ಕಟ್ಟಿದೆ. ಹರಿಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಸುತ್ತಲೂ ಚೆಂಡುಹೂ ಚೆಲ್ಲಾಡಿತ್ತು.

“ನೀರು ಕೊಡಿ,” ಎಂದ. ಕೊಟ್ಟೆ. “ಬಿಸಿಲು ಕಣ್ಣಿಗೆ ಹೊಡೀತಿತ್ತು. ಹಕ್ಕಿ ಕಾಣಲಿಲ್ಲ. ಸತ್ತುಹೋಯ್ತಾ?”

“ಒಂದು ಸತ್ತೈತ್ರಿ. ಇನ್ನೊಂದು ಅಲ್ಲೆ ಕುಂತೈತಿ.”

“ಪಾಪ,” ಎಂದ. ಆಮೇಲೆ, “ಗಾಡಿ ಸಿಗುತ್ತಾ?”

“ಸಿಗತೈತ್ರಿ,” ಎಂದೆ.

ಸರಪಳಿ ಆಳನ್ನು ಊರಿಗೆ ಓಡಿಸಿದೆ. ಜನರೂ ಎತ್ತುಗಳೂ ಬಹುತೇಕ ಸಭೆಗೆ ಹೋಗಿದ್ದವು. ಚಾವಡಿಯಲ್ಲಿ ನಾಲ್ಕು ಜನ ಮುದುಕರು ಕೂತಿದ್ದರಂತೆ. ವಿಮಾನದ ಶಬ್ದವನ್ನು ಅವರು ಹತ್ತಿ ಲಾರಿಯದು ಎಂದುಕೊಂಡಿದ್ದರು. ಇವನು ದೂರದಿಂದಲೇ ಕೂಗಿದ: “ವಿಮಾನ ಬಿದ್ದೈತ್ರಿ. ಹೂವೆಲ್ಲ ಹೊಲದಾಗ ಚೆಲ್ಯಾವು. ಒಳಗಿನ ಮನಿಷಾ ಇನ್ನೂ ಉಸರಾಡಾಕತ್ತಾನ.”

ನಮ್ಮ ಕಡೆ ಸತ್ತವರನ್ನು ಕೂರಿಸಿ, ಹೂ ಕಟ್ಟಿ, ಹೊತ್ತೊಯ್ಯುವುದಕ್ಕೂ ವಿಮಾನವೆಂದೇ ಹೆಸರು. ಹಾರುವ ವಿಮಾನವನ್ನು ಆ ಮುದುಕರು ಕಂಡಿರಲಿಲ್ಲ. ಹೊರುವ ವಿಮಾನವನ್ನು ಜನ್ಮವಿಡೀ ಕಂಡಿದ್ದರು.

“ಹೊತ್ತವರು ಯಾರಲೇ?” ಎಂದು ಒಬ್ಬ ಕೇಳಿದ.

“ಯಾರೂ ಹೊತ್ತಿಲ್ರಿ. ತಾನ ಹಾರಿ ಬಂತು.”

ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಳು ಎಷ್ಟು ಬಡಿದರೂ ತೆಗೆಯಲಿಲ್ಲ. ಅವನು ಹನ್ನೆರಡಕ್ಕೆ ಒಬ್ಬನೇ ತಿರುಗಿ ಬಂದ. ನನಗೆ ಆಗ ಸಿಟ್ಟು ಬಂದಿತ್ತು. ಈಗ ಅವರ ಮೇಲೆ ಸಿಟ್ಟಿಲ್ಲ. ಅವರಿಗೆ ಮಾತು ತಿಳಿಯಲಿಲ್ಲ, ಅಷ್ಟೆ. ನಾನು ಬರೆದ ಮಾತಿನ ಕತೆ ಬೇರೆ.

ಅಷ್ಟರೊಳಗೆ ಹಾಲು ಹಾಕಿ ಬರುತ್ತಿದ್ದವನೊಬ್ಬ ಸೈಕಲ್ಲಿನ ಮೇಲೆ ಆ ದಾರಿಯಲ್ಲಿ ಬಂದಿದ್ದ. ಅವನನ್ನು ಗದಗಿಗೆ ತಿರುಗಿಸಿ ಕಳಿಸಿದ್ದೆ. ಅಳತೆ ಪುಸ್ತಕದ ಹಾಳೆ ಹರಿದು ಪೆನ್ಸಿಲಿನಲ್ಲಿ ಬರೆದ ಚೀಟಿ ಅವನ ಕೈಯಲ್ಲಿತ್ತು. ಅದರ ಒಂದೊಂದು ಶಬ್ದವೂ ನೆನಪಿದೆ: “ಅಸುಂಡಿ ಹೊಲದಲ್ಲಿ ರಣಹದ್ದು ಬಡಿದು ವಿಮಾನ ಬಿದ್ದಿದೆ. ಜೀವ ಇದೆ. ಕಾಲು ಮುರಿದಿದೆ. ತಡ ಮಾಡದೆ ಗಾಡಿ ಕಳಿಸಿರಿ.” ಮೊದಲು ಗಾಡಿ ಕಂಡಲ್ಲಿ ಕೊಡು ಎಂದು ಹೇಳಿದ್ದೆ. ಮೊದಲು ಗಾಡಿ ಕಂಡದ್ದು ಗದಗ ದಾರಿಯ ಬದಿಗೆ, ಎರಡು ಮೈಲಿ ಆಚೆಯ ಜೀವದಯಾ ಸಂಘದ ದೊಡ್ಡಿಯಲ್ಲಿ.

ಆ ಸಂಘದವರು ಮುದಿ ದನ, ಕುಂಟ ನಾಯಿ, ರೆಕ್ಕೆ ಮುರಿದ ಪಾರಿವಾಳಗಳನ್ನು ತಂದು ಸಾಕುತ್ತಿದ್ದರು. ಒಳ್ಳೆಯ ಕೆಲಸವೇ. ಅವರ ಮಾತಿನಲ್ಲಿ ದನಕ್ಕೆ ದನ ಎನ್ನುತ್ತಿರಲಿಲ್ಲ, ನಾಯಿಗೆ ನಾಯಿ ಎನ್ನುತ್ತಿರಲಿಲ್ಲ. ಎಲ್ಲಕ್ಕೂ ಜೀವ. “ಇವತ್ತ ಎಷ್ಟ ಜೀವ ಬಂದಾವು?” ಎಂದು ಬೆಳಿಗ್ಗೆ ಕೇಳುವುದು ಅಲ್ಲಿಯ ರೂಢಿ. ಮನುಷ್ಯನಿಗೆ ಆ ಶಬ್ದ ಸಲ್ಲುತ್ತಿರಲಿಲ್ಲ.

ಗಾಡಿ ಬಂದಾಗ ಎರಡು ಗಂಟೆ ಹತ್ತು ನಿಮಿಷ. ಮುಂದೆ ಇಳಿದವರು ಸಂಘದ ಕಾರ್ಯದರ್ಶಿ. ಅವರು ನನಗೆ ಆರನೇ ಇಯತ್ತೆಯಲ್ಲಿ ಕಲಿಸಿದ ಮಾಸ್ತರರು. ಹಿಂದೆ ಇಬ್ಬರು ಸದಸ್ಯರು, ಒಬ್ಬನ ಕೈಯಲ್ಲಿ ಬಿದಿರಿನ ದೊಡ್ಡ ಪಂಜರ, ಇನ್ನೊಬ್ಬನ ಕೈಯಲ್ಲಿ ಅರಿಸಿನ ಪುಡಿಯ ಡಬ್ಬಿ.

“ಎಲ್ಲೈತಿ ಜೀವ?” ಎಂದರು ಮಾಸ್ತರರು.

ನಾನು ಮಲಗಿದವನನ್ನು ತೋರಿಸಿದೆ. ಅವರು ಅವನನ್ನು ನೋಡಿದರು, ಚೀಟಿ ನೋಡಿದರು.

“ಲೇ ತಮ್ಮಾ, ರಣಹದ್ದು, ಜೀವ ಇದೆ, ಕಾಲು ಮುರಿದಿದೆ ಅಂತ ಬರದಿ. ನಾವು ಹದ್ದಿಗೆ ತಯಾರ ಆಗಿ ಬಂದೇವಿ. ವ್ಯಾಕರಣ ಕಲಿಸಿದ್ನೋ ಇಲ್ಲೋ ನಿನಗ? ಕರ್ತೃ ಯಾರು ಇದ್ರಾಗ?”

“ತಪ್ಪಾತ್ರಿ ಸರ್.”

“ವಿಮಾನದವ್ರಿಗೆ ಸರಕಾರ ಐತಿ. ಹದ್ದಿಗೆ ಯಾರದಾರ?” ಎಂದ ಪಂಜರದವ.

ಮಾಸ್ತರರು ಕೆಟ್ಟವರಲ್ಲ. ಇವನನ್ನೂ ಹತ್ತಿಸಿರಿ ಎಂದರು. ಆದರೆ ಮೊದಲು ಹದ್ದು. ರೆಕ್ಕೆ ಜೋತುಬಿದ್ದಿದ್ದ ಆ ಹದ್ದು ಇಪ್ಪತ್ತು ನಿಮಿಷ ಹೊಲದಲ್ಲಿ ಕುಪ್ಪಳಿಸಿ ಅವರನ್ನು ಓಡಾಡಿಸಿತು. ಒಬ್ಬನ ಮುಂಗೈ ಕಚ್ಚಿತು. ಅರಿಸಿನ ಅವನಿಗೇ ಬಳಕೆಯಾಯಿತು. ಕೊನೆಗೆ ಪಂಜರ ಗಾಡಿಯ ಮುಂಭಾಗದಲ್ಲಿ, ವಿಮಾನದ ಚಾಲಕ ಹಿಂಭಾಗದಲ್ಲಿ ಹುಲ್ಲಿನ ಮೇಲೆ. ಸದಸ್ಯರು ಪಂಜರ ಹಿಡಿದು ಕೂತರು. ನಾವು ಉಳಿದವರು ನಡೆದೆವು. ಅಲ್ಲಿಂದ ಗದಗಿನ ಆಸ್ಪತ್ರೆಗೆ ಸುಮಾರು ಐದು ಮೈಲಿ.

ಹೊರಟ ಮೇಲೆ ನನಗೆ ತಿಳಿದದ್ದು ಇಷ್ಟು: ಗಾಡಿಗೆ ಹೂಡಿದ ಎರಡೂ ಎತ್ತು ಸಂಘದವರು ಕಟುಕರಿಂದ ಬಿಡಿಸಿ ತಂದವು. ಒಂದಕ್ಕೆ ಮೊಣಕಾಲು ಬಾವು, ಇನ್ನೊಂದಕ್ಕೆ ಹಲ್ಲಿಲ್ಲ. ಸಂಘದ ನಿಯಮದಂತೆ ಎತ್ತಿಗೆ ಬಾರಕೋಲು ಮುಟ್ಟಿಸುವಂತಿಲ್ಲ, ಬಾಲ ತಿರುವುವಂತಿಲ್ಲ, ದನಿ ಏರಿಸುವಂತಿಲ್ಲ. ಮೈಲಿಗೊಮ್ಮೆ ನೊಗ ಇಳಿಸಿ ಕಾಲು ಗಂಟೆ ವಿಶ್ರಾಂತಿ ಕೊಡಬೇಕು. ಅದೇ ಮಾಸ್ತರರು ಶಾಲೆಯಲ್ಲಿ ನಮ್ಮ ಬೆನ್ನ ಮೇಲೆ ಎಷ್ಟೋ ಬೆತ್ತ ಮುರಿದಿದ್ದರು.

ಮೊದಲ ಮೈಲಿ ಮುಗಿಯಲು ನಲವತ್ತು ನಿಮಿಷ. ಗಾಡಿ ನಿಂತಿತು. ಎತ್ತುಗಳ ಮುಂದೆ ಹುಲ್ಲು ಹಾಕಿದರು.

“ಸರ್, ರಕ್ತ ನಿಂತಿಲ್ರಿ,” ಎಂದೆ. “ಜಲ್ದಿ ಹೋಗೂಣ್ರಿ.”

“ಜಲ್ದಿ ಅಂತ ಆ ವಿಮಾನ ಹೋತು. ಏನಾತು?” ಎಂದರು. ಆಮೇಲೆ ಮೆತ್ತಗೆ, “ಒಬ್ಬ ಮನಿಷಾನ್ನ ಉಳಸಾಕ ಒಂದ ಜೀವ ಹಿಂಸಾ ಮಾಡಬಾರದಪಾ. ಇವತ್ತ ನಿಯಮ ಬಿಟ್ರ ನಾಳೆ ಎಲ್ಲಾರೂ ಬಿಡ್ತಾರ.”

ಆ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತ ನಾನು ನಿಂತೆ. ಅವರ ಮುಂದೆ ಎದುರುತ್ತರ ಕೊಟ್ಟು ನನಗೆ ರೂಢಿಯಿರಲಿಲ್ಲ.

ಗಾಡಿ ಹೊಡೆಯುವವನು ನನ್ನಷ್ಟೇ ವಯಸ್ಸಿನವನು. ಹುಲ್ಲು ಸರಿಮಾಡುವ ನೆಪದಲ್ಲಿ ನನ್ನ ಹತ್ತಿರ ಬಂದ.

“ಸಾಹೇಬ್ರ, ಹುಲ್ಲಿನ ಬುಡಕ ಬಾರಕೋಲು ಐತಿ. ಸಂಘದವ್ರಿಗೆ ಗೊತ್ತಿಲ್ಲ. ಎತ್ತು ಮುದಿ ಅದಾವು ಖರೆ, ಆದ್ರ ಎರಡ ಬಿಗದ್ರ ಓಡತಾವು. ನೀವು ಸರಕಾರದವ್ರು. ಒಮ್ಮೆ ಹೂಂ ಅನ್ರಿ, ಸಾಕು. ಬೈಗಳಾ ನಾ ತಿಂತೀನಿ.”

ನಾನು ಮಾಸ್ತರರ ಕಡೆ ನೋಡಿದೆ. ಅವರು ಬಾವು ಬಂದ ಎತ್ತಿನ ಮೊಣಕಾಲು ತಿಕ್ಕುತ್ತಿದ್ದರು.

“ಇನ್ನೊಂದು ಮೈಲಿ ನೋಡೋಣು,” ಎಂದೆ.

ಎರಡನೇ ಮೈಲಿಯಲ್ಲಿ ಗಾಡಿ ಹಳ್ಳದ ಕಲ್ಲುಗಳ ಮೇಲೆ ಕುಲುಕಿತು. ಚಾಲಕ ನರಳಿದ. ಹದ್ದು ಪಂಜರದಲ್ಲಿ ರೆಕ್ಕೆ ಬಡಿಯಿತು. “ಸಾವಕಾಶ, ಸಾವಕಾಶ, ಜೀವಕ್ಕ ನೋವಾಕ್ಕತಿ,” ಎಂದ ಪಂಜರದವ. ಅವನ ಕೈ ಪಂಜರದ ಮೇಲಿತ್ತು.

ಎರಡನೇ ನಿಲುಗಡೆಯಲ್ಲಿ ಚಾಲಕ ನನ್ನನ್ನು ಕರೆದ. ತುಟಿ ಬೆಳ್ಳಗಾಗಿತ್ತು.

“ಯಾಕೆ ನಿಂತ್ವಿ?”

“ಎತ್ತು ದಣದಾವ್ರಿ.”

“ಓ,” ಎಂದ. “ಇನ್ನೆಷ್ಟು ದೂರ?”

ಮೂರು ಮೈಲಿ ಉಳಿದಿತ್ತು. ಅಳೆಯುವುದೇ ನನ್ನ ಉದ್ಯೋಗ. “ಬಂದ ಬಿಟ್ವಿರಿ,” ಎಂದೆ.

ಗಾಡಿಯವನು ಎತ್ತುಗಳ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದ. ಅವನು ಮತ್ತೆ ಕೇಳಲಿಲ್ಲ. ನಾನು ಹೇಳಲಿಲ್ಲ. ನಾಲ್ಕೂಕಾಲಿಗೆ ನೊಗ ಮತ್ತೆ ಏರಿಸಿದರು. ಮೂರನೇ ಮೈಲಿಕಲ್ಲು ಕಾಣುವಾಗ ಸರಪಳಿ ಆಳು ಗಾಡಿಯ ಹಿಂದಿನಿಂದ, “ಸಾಹೇಬ್ರ, ಆತು,” ಎಂದ. ನಾಲ್ಕು ಗಂಟೆ ಐವತ್ತು ನಿಮಿಷ. ಮೈಲಿಕಲ್ಲಿನ ಹತ್ತಿರ ನಿಯಮದಂತೆ ಗಾಡಿ ನಿಂತಿತು. ಕಾಲು ಗಂಟೆ ನಾವು ಅಲ್ಲಿಯೇ ಇದ್ದೆವು.

ಆಸ್ಪತ್ರೆಯ ಡಾಕ್ಟರು ಧೋತರದ ಗಂಟು ಬಿಚ್ಚಿ ನೋಡಿ, “ಕಟ್ಟಿದ್ದು ಬರೋಬರಿ ಐತಿ,” ಎಂದರು. “ಎರಡೂವರಿ ತಾಸು ಮೊದಲ ಬಂದಿದ್ರ ಏನರ ಮಾಡಬಹುದಿತ್ತು.”

ಎಂಟು ದಿನದ ಮೇಲೆ ಸಂಘದಲ್ಲಿ ಸಂತಾಪ ಸಭೆ. ನನ್ನ ಅಕ್ಷರ ದುಂಡಗೆ ಎಂದು ಮಾಸ್ತರರು ಠರಾವು ಬರೆಯಲು ಕರೆಸಿದರು. ಹೋದೆ. ವಿಮಾನಗಳು ಹಕ್ಕಿಗಳ ದಾರಿ ಬಿಟ್ಟು ಹಾರಬೇಕು. ಹಕ್ಕಿಗಳಿಗೆ ಮುಂಚೆ ತಿಳಿಯುವಂತೆ ಎತ್ತಿನ ಕೊರಳಿಗೆ ಇದ್ದಂತೆ ವಿಮಾನಕ್ಕೂ ಗಂಟೆ ಕಟ್ಟಬೇಕು. ಹದ್ದುಗಳು ಊಟ ಮಾಡುವ ಹೊತ್ತಿನಲ್ಲಿ ಸಭೆಗಳನ್ನು ಇಡಬಾರದು. ವಿಮಾನದ ಸದ್ದಿಗೆ ಗಂಟೆ ಕೇಳಿಸುವುದೇ ಎಂದು ಯಾರೋ ಕೇಳಿದರು. ಹಾಗಾದರೆ ದೊಡ್ಡ ಗಂಟೆ ಎಂದು ತಿದ್ದಿಸಿದರು. ಮೃತ ಹದ್ದಿಗಾಗಿ ಎದ್ದು ನಿಂತು ಮೌನ. ಕೊನೆಯ ಸಾಲು ನಾನು ಕೇಳಿ ಸೇರಿಸಿದ್ದು: “ಹಾಗೂ ಚಾಲಕರು.” ಅದನ್ನು ಬರೆಯುವಾಗಲೂ ಜೀವ ಎಂಬ ಶಬ್ದವನ್ನು ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ.

ಚಾಲಕನ ತಂದೆ ಮೈಸೂರು ಕಡೆಯಿಂದ ಬಂದಿದ್ದರು. ಆಗ ಏಕೀಕರಣ ಆಗಿ ಎರಡು ದಿನ. ನಾವಿಬ್ಬರೂ ಒಂದೇ ರಾಜ್ಯದವರಾಗಿದ್ದೆವು. ಕಲ್ಲಿನ ಹತ್ತಿರ ಕರೆದುಕೊಂಡು ಹೋದೆ. ಹೂವು ಒಣಗಿ ಮಣ್ಣಿನ ಬಣ್ಣವಾಗಿತ್ತು.

“ಬೇಗ ಕರ್ಕೊಂಡು ಹೋಗೋಕೆ ಏನೂ ದಾರಿ ಇರಲಿಲ್ವಾ?” ಎಂದು ಕೇಳಿದರು.

“ಇರಲಿಲ್ರಿ,” ಎಂದೆ. ಅವರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಆ ಗಾಡಿಯ ಜೊತೆ ಇದ್ದವರು ಏಳು ಜನ. ಚಾಲಕ ಅಂದೇ ಹೋದ. ಮಾಸ್ತರರು, ಇಬ್ಬರು ಸದಸ್ಯರು, ಸರಪಳಿ ಆಳು, ಒಬ್ಬೊಬ್ಬರಾಗಿ ತೀರಿಕೊಂಡರು. ಹದ್ದು ದೊಡ್ಡಿಯಲ್ಲಿ ಬಹಳ ವರ್ಷ ಬದುಕಿತ್ತು. ಈಗ ಅದೂ ಇಲ್ಲ. ಉಳಿದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬ ಆ ಗಾಡಿ ಹೊಡೆದವನು. ಹಿರೇವಡ್ಡಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಕಣ್ಣು ಮಂಜಾಗಿದೆ, ನೆನಪು ಗಟ್ಟಿಯಾಗಿದೆ. ಹೋದ ವರ್ಷ ಹೋಗಿ, ಬಾರಕೋಲು ಹುಲ್ಲಿನಲ್ಲಿ ಯಾವ ಕಡೆಗಿತ್ತು ಎಂದು ಕೇಳಿದೆ. ಅದೊಂದು ನನಗೆ ಗೊತ್ತಿರಲಿಲ್ಲ.

“ಆ ವಿಮಾನದವರ ತಲಿ ಬುಡಕ ಇತ್ರಿ, ಸಾಹೇಬ್ರ,” ಎಂದ.