ಸೋಮವಾರದ ಉಪವಾಸ

1994ರಲ್ಲಿ ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಿ ರೀಡರ್ ಆಗಿದ್ದೆ. ನನ್ನ ವಿಷಯ ಹೆಲ್ತ್ ಸೋಶಿಯಾಲಜಿ. ಕಾಯಿಲೆಯನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಕಾಯಿಲೆ ಬಂದವರು ಅದನ್ನು ಯಾರಿಗೆ ಹೇಳುತ್ತಾರೆ, ಯಾರಿಂದ ಮುಚ್ಚಿಡುತ್ತಾರೆ, ಏಕೆ ಎಂಬುದನ್ನು ನಾವು ನೋಡುತ್ತೇವೆ. ಆ ವರ್ಷ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಒಂದು ಅಧ್ಯಯನ ಕೈಗೆತ್ತಿಕೊಂಡಿದ್ದೆ. ವಾರವಿಡೀ ಪಾಠ, ಭಾನುವಾರ ಬೆಳಿಗ್ಗೆ ಮನೆಮನೆಗೆ ಹೋಗಿ ಸಂದರ್ಶನ.

ಒಂದು ಭಾನುವಾರ ಮುನಿಯಮ್ಮನವರ ಮನೆಗೆ ಹೋದೆ. ಪೀಣ್ಯದಲ್ಲಿ ಕಾರ್ಖಾನೆಯ ಶೆಡ್ಡುಗಳು ಏಳುವುದಕ್ಕೆ ಮೊದಲಿನಿಂದಲೂ ಇದ್ದ ಕುಟುಂಬ. ಮಗಳು ಸರೋಜ, ಇಪ್ಪತ್ತರ ಹುಡುಗಿ, ಹತ್ತಿರದ ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಮೇಲೆ ಕೆಲಸ ಮಾಡುತ್ತಿದ್ದಳು. ತಗಡನ್ನು ಕೈಯಿಂದ ಇಟ್ಟು ಪೆಡಲ್ ತುಳಿದರೆ ಮೇಲಿನ ಅಚ್ಚು ದಡ್ ಎಂದು ಇಳಿದು ಅದನ್ನು ಕತ್ತರಿಸುತ್ತದೆ. ಕೈ ತೆಗೆಯುವುದು ತಡವಾದರೆ ಬೆರಳನ್ನೂ ಬಿಡುವುದಿಲ್ಲ.

ನಡುನಡುವೆ ಕೆಲಸಕ್ಕೆ ರಜೆ ಹಾಕಿದ್ದೇಕೆ ಎಂಬ ನನ್ನ ಪ್ರಶ್ನೆಗೆ ಸರೋಜ ಥಟ್ಟನೆ ಉತ್ತರಿಸಿದಳು. "ಸೋಮವಾರ ಉಪವಾಸ ಮೇಡಂ. ಅವತ್ತು ಒಂದೊಂದ್ಸಲ ತಲೆ ಸುತ್ತಿ ಬಿದ್ಬಿಡ್ತೀನಿ."

"ಬೇರೆ ದಿನ ಬಿದ್ದಿದ್ದುಂಟಾ?"

"ಬಿದ್ದಿದೀನಿ. ಅದೂ ಸೋಮವಾರದ್ದೇ ಸುಸ್ತು."

"ಭಾಳ ಭಕ್ತಿ ಕಣವ್ವಾ ಇವಳ್ಗೆ," ಎಂದರು ಮುನಿಯಮ್ಮ. "ಫ್ಯಾಕ್ಟ್ರಿಯೋರೇ ಕೈ ಮುಗೀತಾರೆ."

ನನ್ನ ಪೆನ್ನು ನಿಂತಿತು. ಈ ಉತ್ತರ ನನಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿದ್ದಾಗ ನನಗೆ ಫಿಟ್ಸ್ ಶುರುವಾಗಿತ್ತು. ದಾವಣಗೆರೆಯ ನಮ್ಮ ಮನೆಯಲ್ಲಿ ಅವ್ವ ನೆಂಟರಿಗೆಲ್ಲ ಹೇಳುತ್ತಿದ್ದದ್ದು ಇದನ್ನೇ: ಹುಡುಗಿ ಸೋಮವಾರ ಉಪವಾಸ ಮಾಡುತ್ತಾಳೆ, ಅದಕ್ಕೇ ಬೀಳುತ್ತಾಳೆ. ಸುಳ್ಳು ಹೊರಬೀಳಬಾರದೆಂದು ನಿಜವಾಗಿಯೂ ಉಪವಾಸ ಮಾಡಿಸುತ್ತಿದ್ದಳು. ಹೊಟ್ಟೆಗಿಲ್ಲದೆ ಫಿಟ್ಸ್ ಇನ್ನೂ ಹೆಚ್ಚಾಯಿತು. ಮುಂದೆ ಮಾತ್ರೆ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆಯಿಂದ ಅದು ಹತೋಟಿಗೆ ಬಂತು. ವಿಭಾಗದಲ್ಲಿ ಎಲ್ಲರೂ ನನ್ನ ಶಿಸ್ತನ್ನು ಹೊಗಳುತ್ತಿದ್ದರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಎಲ್ಲಿ ಗೊತ್ತಾದೀತೋ ಎಂಬ ನಾಚಿಕೆಯಲ್ಲೇ ನಲವತ್ತು ದಾಟಿದ್ದೆ.

ಸಂದರ್ಶನ ಮಾಡುವವರು ತಮ್ಮ ವಿಷಯ ಹೇಳಿಕೊಳ್ಳಬಾರದು ಎಂಬುದು ನಮ್ಮ ನಿಯಮ. ಅವತ್ತು ಅದನ್ನು ಮುರಿದೆ. "ಸರೋಜ, ನನಗೂ ಹೀಗೇ ಆಗ್ತಿತ್ತು. ಅದು ಉಪವಾಸ ಅಲ್ಲ, ಫಿಟ್ಸ್."

ಮುನಿಯಮ್ಮ ಎದ್ದು ಬಾಗಿಲು ಮುಂದೆ ಮಾಡಿದರು. "ಮೆಲ್ಲಕ್ಕೆ ಮಾತಾಡವ್ವಾ. ಗಂಡು ನೋಡ್ತಾ ಇವ್ನಿ."

ಸರೋಜ ನನ್ನನ್ನೇ ದಿಟ್ಟಿಸಿದಳು. ಡಾಕ್ಟರು ಕೊಟ್ಟ ಮಾತ್ರೆ ನಿದ್ದೆ ಬರಿಸುತ್ತದೆಂದು ಬಿಟ್ಟಿದ್ದಾಗಿ ಒಪ್ಪಿಕೊಂಡಳು. ಮಾಲೀಕರಿಗೆ ಹೇಳಿ ಪ್ರೆಸ್‌ನಿಂದ ಬೇರೆ ಕೆಲಸಕ್ಕೆ ಹೋಗಬಾರದೇ ಎಂದು ಕೇಳಿದೆ.

"ನಿಮ್ ಕಾಲೇಜಲ್ಲಿ ಗೊತ್ತಾ ಮೇಡಂ?"

"ಇಲ್ಲ."

"ನೋಡಿದ್ರಾ? ನಿಮ್ ಕೈಲಿರೋದು ಚಾಕ್‌ಪೀಸು. ಬಿದ್ರೆ ಅದು ಮುರಿಯುತ್ತೆ, ಅಷ್ಟೇ. ನಿಮ್ಗೇ ಹೇಳಕ್ಕಾಗಿಲ್ಲ, ನನ್ಗೆ ಹೇಳು ಅಂತೀರಲ್ಲ!"

ನನ್ನ ಮುಖ ಬಿಸಿಯಾಯಿತು. ಮರುದಿನ ಸೋಮವಾರ. ಅವಳು ಖಾಲಿ ಹೊಟ್ಟೆಯಲ್ಲಿ ಆ ಅಚ್ಚಿನ ಕೆಳಗೆ ಕೈ ಇಡುವವಳಿದ್ದಳು. ಅವಳ ಒಪ್ಪಿಗೆಯಿಲ್ಲದೆ ನಾನು ಮಾಲೀಕರ ಬಳಿ ಹೋಗುವಂತಿರಲಿಲ್ಲ. ಮನೆಯ ಮಾತು ಹೊರಗೆ ಹೋಗುವುದಿಲ್ಲವೆಂದು ಮಾತು ಕೊಟ್ಟೇ ಒಳಗೆ ಕೂತಿದ್ದೆ.

"ನಾಳೆ ಮಾಲೀಕರ ಹತ್ರ ನಾನೂ ಬರ್ತೀನಿ. ಮೊದಲು ನನ್ನದು ಹೇಳ್ತೀನಿ. ಆಮೇಲೆ ನಿನಗೆ ಅನ್ನಿಸಿದ್ರೆ ನಿನ್ನದು ಹೇಳು," ಎಂದೆ.

"ಬ್ಯಾಡ ಕಣವ್ವಾ," ಎಂದರು ಮುನಿಯಮ್ಮ.

ಸರೋಜ ತಾಯಿಯತ್ತ ತಿರುಗಿದಳು. "ಕೈ ಹೋದ್ರೆ ಯಾವ ಗಂಡು ಬತ್ತಾನಮ್ಮ?"

ಸೋಮವಾರ ಬೆಳಿಗ್ಗೆ ಇಬ್ಬರೂ ಮಾಲೀಕರ ಕೋಣೆಗೆ ಹೋದೆವು. ಅವರು ಸ್ವತಃ ಎಂಜಿನಿಯರ್, ಮರ್ಯಾದಸ್ಥರು. ಪ್ರೊಫೆಸರ್ ಬಂದರೆಂದು ಎದ್ದು ನಿಂತು ಕುರ್ಚಿ ಕೊಟ್ಟರು. ನನಗೆ ಫಿಟ್ಸ್ ಇರುವುದನ್ನು ಮೊದಲು ಹೇಳಿದೆ. ಕೇಳಿಸಿಕೊಂಡ ಅವರು, "ಈಗ ಹುಷಾರಾಗಿದೀರಾ ಮೇಡಂ? ಫ್ಯಾನ್ ಜೋರು ಮಾಡ್ಲಾ?" ಎನ್ನುತ್ತಾ ನನ್ನ ಕೈ ಹತ್ತಿರವಿದ್ದ ಗಾಜಿನ ಪೇಪರ್‌ವೇಟನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ನನಗೆ ಭೂಮಿಗಿಳಿದು ಹೋದಂತಾಯಿತು.

ಸರೋಜ ಅದೆಲ್ಲವನ್ನೂ ನೋಡಿದಳು. ನೋಡಿಯೂ ಹೇಳಿದಳು: "ಸಾರ್, ನಂಗೂ ಅದೇ."

"ಇಷ್ಟು ದಿನ ಪ್ರೆಸ್ ಮೇಲೆ ಕೂತಿದ್ಯಲ್ಲಮ್ಮಾ! ಒಂದು ಮಾತು ಹೇಳ್ಬಾರ್ದಾ?"

"ಹೇಳಿದ್ರೆ ಕೆಲಸಕ್ಕೆ ಇಟ್ಕೋತಿದ್ರಾ ಸಾರ್?"

ಅವರು ಅವತ್ತೇ ಅವಳನ್ನು ಪ್ಯಾಕಿಂಗ್ ಟೇಬಲಿಗೆ ಹಾಕಿದರು. ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆ ಬದಲಿಸಿದರು. ಆದರೆ ಕಾಯಿಲೆ ಹಿಡಿತಕ್ಕೆ ಬರುವ ಮೊದಲೇ ಒಂದು ಮಧ್ಯಾಹ್ನ ಅವಳಿಗೆ ಮತ್ತೆ ಫಿಟ್ಸ್ ಬಂತು. ರಟ್ಟಿನ ಡಬ್ಬಗಳ ಮೇಲೆ ಬಿದ್ದಳು.

ಸುದ್ದಿ ಕೇಳಿ ಓಡಿದೆ. ಮುನಿಯಮ್ಮ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. "ಡಬ್ಬ ಅಪ್ಪಚ್ಚಿ ಆದ್ವು, ಕೈ ನೆಟ್ಟಗವೆ. ಗಂಡಿನ ಕಡೆಯೋರು ಮಾತ್ರ ಬರಾಕಿಲ್ಲ ಅಂದ್ರು. ಎಲ್ಲಾ ನಿನ್ನಿಂದ್ಲೇ ಕಣವ್ವಾ." ಬೈಗುಳ, ಕೃತಜ್ಞತೆ ಎರಡೂ ಆ ಒಂದೇ ಮಾತಿನಲ್ಲಿದ್ದವು. ಒಳಗೆ ಕರೆಯಲಿಲ್ಲ.

ಅದೇ ವಾರ ನಮ್ಮ ವಿಭಾಗದ ಮುಖ್ಯಸ್ಥರಿಗೂ ನನ್ನ ವಿಷಯ ಹೇಳಿದೆ. ಅಂದಿನಿಂದ ನಾನು ಮೆಟ್ಟಿಲು ಹತ್ತುವಾಗ ಸಹೋದ್ಯೋಗಿಗಳು ಮಾತು ನಿಲ್ಲಿಸಿ ನೋಡುತ್ತಿದ್ದರು.

ಕಾಯಿಲೆಯನ್ನು ಹೇಳಿಕೊಂಡರೆ ನಾಚಿಕೆ ಕರಗುತ್ತದೆ ಎಂದು ಅಲ್ಲಿಯವರೆಗೆ ಪಾಠ ಮಾಡುತ್ತಿದ್ದೆ. ನನ್ನದು ಕರಗಲಿಲ್ಲ; ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗಿದೆ. ನಾಚಿಕೆ ಹೋಗಲಿ ಎಂದು ಕಾಯುತ್ತ ಕೂತಿದ್ದರೆ ಆ ಹುಡುಗಿಯ ಕೈ ಹೋಗುತ್ತಿತ್ತು. ನಾಚಿಕೊಂಡೇ ಹೇಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟು.