ಅಂಬರನಾಥದ ನೂರು ಮೆಟ್ಟಿಲು

ಅಂಬರನಾಥದಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಆ ಊರಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟು: ಲೋಕಲ್ ಟ್ರೇನಿನ ಯಾವ ಡಬ್ಬಿ ಹತ್ತಿದರೆ ಸ್ಟೇಷನ್ನಿನ ಬ್ರಿಜ್ಜಿನ ಬುಡದಲ್ಲೇ ಇಳಿಯಬಹುದು, ಶೇರ್ ರಿಕ್ಷಾದಲ್ಲಿ ಡ್ರೈವರನ ಪಕ್ಕ ಅರ್ಧ ಕುಂಡೆ ಊರಿ ಹೇಗೆ ಕೂರಬೇಕು, ನಮ್ಮ ಬಣ್ಣದ ಕಾರ್ಖಾನೆಯ ಗೇಟಿನಲ್ಲಿ ಎಂಟೂವರೆಯ ಮೇಲೆ ಕಾರ್ಡ್ ಪಂಚ್ ಮಾಡಿದರೆ ಹೇಗೆ ಲೇಟ್ ಮಾರ್ಕ್ ಬೀಳುತ್ತದೆ. ಅದೇ ಊರಿನಲ್ಲಿ ಸುಮಾರು ಸಾವಿರ ವರ್ಷ ಹಳೆಯ ಶಿವನ ದೇವಸ್ಥಾನವೊಂದಿದೆ. ಅದನ್ನು ನಾನು ನೋಡಿರಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಈಗಲೂ ವಾದಿಸಬಲ್ಲೆ. ಕಾಶಿಯ ರಿಕ್ಷಾದವನನ್ನು, ಕೊನೆಯ ಸಲ ಗಂಗೆಯಲ್ಲಿ ಮುಳುಗೆದ್ದದ್ದು ಯಾವಾಗ ಎಂದು ಕೇಳಿ ನೋಡಿ. ನಾಚಿಕೆಯ ಸಂಗತಿಯೆಂದರೆ, ನೋಡಿದ್ದೇನೆ ಎಂದು ಹೆಂಡತಿಗೆ ಹೇಳಿದ್ದು.

ವಾರಿಜ ಉಡುಪಿ ಕಡೆಯವಳು. ಮದುವೆಯಾಗಿ ಮುಲುಂಡಿನ ನನ್ನ ಮನೆಗೆ ಬಂದ ವಾರದಲ್ಲೇ ಪಕ್ಕದ ಮನೆಯವರಿಂದ ಆ ದೇವಸ್ಥಾನದ ಸುದ್ದಿ ತಿಳಿದು, "ನೀವು ದಿನಾ ಅಲ್ಲಿಗೇ ಹೋಗುದಲ್ವಾ, ಒಂದು ಆದಿತ್ಯವಾರ ನನ್ನನ್ನೂ ಕರ್ಕೊಂಡು ಹೋಗಿ ಮಾರಾಯ್ರೆ" ಎಂದಳು. ವಾರದಲ್ಲಿ ಆರು ದಿನ ಅಂಬರನಾಥಕ್ಕೆ ಹೋಗುವವನಿಗೆ ಏಳನೆಯ ದಿನವೂ ಅಲ್ಲಿಗೇ ಹೋಗುವುದೆಂದರೆ ಓವರ್‌ಟೈಮ್ ಇಲ್ಲದ ಡ್ಯೂಟಿ. "ಅಯ್ಯೋ, ಗುಡ್ಡದ ಮೇಲಿದೆ, ನೂರು ಮೆಟ್ಟಿಲು ಹತ್ತಬೇಕು" ಎಂದುಬಿಟ್ಟೆ. ಗುಡ್ಡ ನನ್ನ ಕಲ್ಪನೆ, ಮೆಟ್ಟಿಲುಗಳನ್ನು ಮಾತ್ರ ಸ್ಟೇಷನ್ನಿನ ಬ್ರಿಜ್ಜಿನಿಂದ ಎರವಲು ತಂದಿದ್ದೆ. ಹತ್ತಿ ಇಳಿದರೆ ಅವು ತೊಂಬತ್ತೆರಡು, ಉಳಿದ ಎಂಟನ್ನು ಭಕ್ತಿಯಿಂದ ಸೇರಿಸಿದ್ದೆ.

ಮುಂದೆ ಅವಳು ಬಸುರಿ, ಆಮೇಲೆ ಬಾಣಂತಿ, ಆಮೇಲೆ ಮಂಡಿನೋವಿನವಳು. ಹೀಗೆ ಆ ನೂರು ಮೆಟ್ಟಿಲು ನನ್ನನ್ನು ದಶಕಗಳ ಕಾಲ ಕಾಪಾಡಿದವು. ಅವಳ ಸಮಾಧಾನಕ್ಕೆಂದು ಪ್ರತಿ ಸೋಮವಾರ ಕುಂಕುಮ ತಂದು ಕೊಡುತ್ತಿದ್ದೆ. ಅದು ಸ್ಟೇಷನ್ನಿನ ಟಿಕೆಟ್ ಖಿಡ್ಕಿಯ ಪಕ್ಕ ಗೂಡಿನಷ್ಟಿರುವ ಗಣಪತಿಯ ಗುಡಿಯದು. ಅಪ್ಪನ ಹೆಸರಿನಲ್ಲಿ ಮಗನ ಕುಂಕುಮ, ಅಂತೂ ಅದೇ ಮನೆಯದು ಎಂದು ನನ್ನ ಲೆಕ್ಕ. "ಶಿವನ ಗುಡಿಯಲ್ಲಿ ಭಸ್ಮ ಕೊಡುದಿಲ್ವಾ?" ಎಂದು ಅವಳು ಒಮ್ಮೆ ಕೇಳಿದ್ದಳು. "ಮಹಾರಾಷ್ಟ್ರದಲ್ಲಿ ಹೀಗೇ" ಎಂದಿದ್ದೆ. ಪರಊರಿನಲ್ಲಿ ಸಂಸಾರ ಮಾಡುವವರಿಗೆ ಈ ಉತ್ತರ ಎಷ್ಟು ಉಪಕಾರಿ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ರಿಟೈರ್ ಆಗಿ ಎರಡು ವರ್ಷಕ್ಕೆ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಸಾವಂತರಿಗೆ ಸಂಸ್ಕೃತಿಯ ಮೇಲೆ ಪ್ರೀತಿ ಉಕ್ಕಿತು. 'ಇಂಡಸ್ಟ್ರಿಯಲ್ ಹೆರಿಟೇಜ್ ಟೂರ್' ಎಂದು ಲಿಫ್ಟಿನಲ್ಲಿ ನೋಟಿಸು ಅಂಟಿಸಿದರು. ಕಲ್ಯಾಣ, ಉಲ್ಹಾಸನಗರ, ಕೊನೆಗೆ ಅಂಬರನಾಥದ ದೇವಸ್ಥಾನ. ಎಸಿ ಬಸ್ಸು, ದೇವಸ್ಥಾನದ ಬಾಗಿಲವರೆಗೂ. ವಾರಿಜ ನನ್ನನ್ನು ಕೇಳದೆಯೇ ಎರಡು ಹೆಸರು ಬರೆಸಿದ್ದಲ್ಲದೆ, "ನಮ್ಮವರಿಗೆ ಅಲ್ಲಿಯ ಕಲ್ಲು ಕಲ್ಲೂ ಗೊತ್ತುಂಟು" ಎಂದು ಸಾವಂತರಿಗೆ ಹೇಳಿ ಬಂದಳು. ಸಾವಂತರು ನನ್ನನ್ನೇ ಗೈಡ್ ಮಾಡಿದರು. ಮೂವತ್ತು ವರ್ಷದ ಸುಳ್ಳಿಗೆ ಸೀಟ್ ನಂಬರ್ ಕೂಡ ಸಿಕ್ಕಿತು.

ಲೋಕಲ್ಲಿನಲ್ಲಿ ಮುಕ್ಕಾಲು ಗಂಟೆಯ ದಾರಿಗೆ ಬಸ್ಸು ಮೂರು ತಾಸು ತೆಗೆದುಕೊಂಡಿತು. ದಾರಿಯುದ್ದಕ್ಕೂ ನಾನೊಂದು ಸತ್ಯ ಕಂಡುಕೊಂಡೆ. ಚಿಮಣಿಯಿಂದ ಹೊಗೆ ಬರುತ್ತಿರುವವರೆಗೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಹೊಗೆ ನಿಂತು ವರ್ಷ ಕಳೆದರೆ ಫೋನು ತೆಗೆಯುತ್ತಾರೆ. ನಾನು ರಿಟೈರ್ ಆದ ವರ್ಷವೇ ನಮ್ಮ ಕಾರ್ಖಾನೆಯೂ ಮುಚ್ಚಿ ಹೆರಿಟೇಜ್ ಆಗಿತ್ತು. ಹಾಜರಿ ಹಾಕುವ ಟೈಮ್ ಆಫೀಸಿನ ಗೋಡೆಯಲ್ಲಿ ಅಶ್ವತ್ಥದ ಗಿಡ. ಬಸ್ಸು ನಿಂತದ್ದೇ ಎಲ್ಲರೂ ಗೇಟಿಗೆ ಒರಗಿ ಫೋಟೋ ತೆಗೆಸಿಕೊಂಡರು. ಮೂರನೇ ಮಾಳಿಗೆಯ ಹುಡುಗಿ ನನ್ನನ್ನು ಗೇಟಿನ ಮುಂದೆ ನಿಲ್ಲಿಸಿ, "ಅಂಕಲ್, ಥೋಡಾ ಸ್ಯಾಡ್ ಲುಕ್ ದೀಜಿಯೇ" ಎಂದಳು. ದುಃಖ ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ. ಆ ಗೇಟು ಕಂಡರೆ ಈಗಲೂ ಕಣ್ಣು ತಾನಾಗಿ ಗಡಿಯಾರ ನೋಡುತ್ತದೆ. ನನ್ನ ಫೋಟೋ ಲೇಟಾದವನಂತೆ ಬಂದಿದೆ.

ಅಲ್ಲಿಂದ ದೇವಸ್ಥಾನ ಹತ್ತೇ ನಿಮಿಷ. ಬಸ್ಸಿಳಿದು ನೋಡಿದರೆ ಗುಡ್ಡವೂ ಇಲ್ಲ, ದಿಣ್ಣೆಯೂ ಇಲ್ಲ. ಹೊಳೆಯ ಪಕ್ಕ ಸಮತಟ್ಟು ನೆಲದಲ್ಲಿ, ಮೈತುಂಬ ಕೆತ್ತನೆಯ ಕಪ್ಪು ಕಲ್ಲಿನ ದೇವಸ್ಥಾನ ಹಾಯಾಗಿ ಕೂತಿತ್ತು. ಒಳಗೆ ಹೋದರೆ ಶಿವ ಇನ್ನೂ ಕೆಳಗೆ. ಗರ್ಭಗುಡಿಗೆ ಇಪ್ಪತ್ತರಷ್ಟು ಮೆಟ್ಟಿಲು ಇಳಿಯಬೇಕು. ವಾರಿಜ ಮೇಲಿನ ಮೆಟ್ಟಿಲಿನಲ್ಲಿ ನಿಂತು ಕೆಳಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಷ್ಟರಲ್ಲಿ ಸಾವಂತರು, "ಬೋಲಾ ಶೆಟ್ಟಿಸಾಹೇಬ್, ಕಾಯ್ ಇತಿಹಾಸ್ ಆಹೇ?" ಎಂದು ಇಲ್ಲಿಯ ಇತಿಹಾಸ ಹೇಳುವಂತೆ ಹಿಂದಿನಿಂದ ತಿವಿದರು.

"ಅವರಿಗೆ ಗಂಟಲು ಸರಿ ಇಲ್ಲ" ಎಂದು ವಾರಿಜಳೇ ಹಿಂದಿಯಲ್ಲಿ ಹೇಳಿದಳು. ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮಂಡಿ ನೋಯುತ್ತಿತ್ತು, ಹಿಡಿತದಲ್ಲೇ ಗೊತ್ತಾಗುತ್ತಿತ್ತು. ಇಪ್ಪತ್ತೈದರ ವಯಸ್ಸಿನಲ್ಲಿ ಅವಳು ಇದನ್ನು ಓಡಿ ಇಳಿಯುತ್ತಿದ್ದಳಲ್ಲ ಎನ್ನಿಸಿ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಪೂಜಾರಿ ಭಸ್ಮ ಕೊಟ್ಟರು. ಅವಳು ಹಣೆಗೆ ಹಚ್ಚಿಕೊಂಡಳು.

ಹೊರಗೆ ಬಂದು, "ನಂಗೆ ಬಸ್ಸಲ್ಲಿ ತಲೆ ತಿರುಗ್ತದೆ, ನಾವು ಲೋಕಲ್ಲಲ್ಲಿ ಬರ್ತೇವೆ" ಎಂದು ಸಾವಂತರಿಗೆ ತಿಳಿಸಿದಳು. ರಿಕ್ಷಾದಲ್ಲಿ ಬೈಗುಳಕ್ಕೆ ಕಾದೆ, ಅದು ಬರಲಿಲ್ಲ. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಒಂದೇ ಮಾತು ಕೇಳಿದಳು.

"ಹಾಗಾದರೆ ಇಷ್ಟು ವರ್ಷ ನಾನು ಹಚ್ಚಿಕೊಂಡದ್ದು ಯಾವ ದೇವರ ಕುಂಕುಮ? ಆ ದೇವರನ್ನು ತೋರಿಸಿ."

ಗುಡಿ ಬ್ರಿಜ್ಜಿನ ಆಚೆಗಿತ್ತು. ಕಂಬಿ ಹಿಡಿದು ಹತ್ತಿದಳು, ಹಿಡಿದೇ ಇಳಿದಳು, ತುಟಿ ಮಾತ್ರ ಅಲುಗುತ್ತಿತ್ತು. ಕೊನೆಯ ಮೆಟ್ಟಿಲಿನಲ್ಲಿ, "ತೊಂಬತ್ತೆರಡು. ಎಂಟು ಕಡಿಮೆ ಉಂಟು" ಎಂದಳು.

ಗೂಡಿನೊಳಗಿನ ಮುದಿ ಪೂಜಾರಿ ನನ್ನನ್ನು ಕಂಡು ಕನ್ನಡಕ ಸರಿಮಾಡಿಕೊಂಡ. "ಸಾಬ್, ಬಹುತ್ ದಿನ್ ಬಾದ್. ಪರ್ ಆಜ್ ತೋ ಸೋಮವಾರ್ ನಹೀಂ ಹೈ" ಎಂದು, ಸೋಮವಾರವಲ್ಲದ ದಿನ ನಾನು ಬಂದದ್ದಕ್ಕೆ ಅಚ್ಚರಿಪಟ್ಟ. ವಾರಿಜ ನನ್ನ ಕಡೆ ತಿರುಗಿದಳು. ಆ ಇಡೀ ದಿನದಲ್ಲಿ ನನ್ನ ಪರವಾಗಿ ಸಿಕ್ಕ ಒಂದೇ ಸಾಕ್ಷಿ ಅದು. ಅವಳು ಶಿವನ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು, ವಡಾಪಾವಿನ ಎಣ್ಣೆ ವಾಸನೆಯಲ್ಲಿ, ಆ ಗಣಪತಿಯ ಮುಂದೆ ಕಣ್ಣು ಮುಚ್ಚಿ ನಿಂತಳು. ಭಸ್ಮದ ಕೆಳಗೆ ಕುಂಕುಮ ಇಡಿಸಿಕೊಂಡಳು.

"ಸೋಮವಾರ ಹನ್ನೊಂದರ ಮೇಲೆ ರಶ್ ಇರುದಿಲ್ಲ ಅಲ್ವಾ?" ಎಂದು ಟ್ರೇನಿನಲ್ಲಿ ಕೇಳಿದಳು.

ಇರುವುದಿಲ್ಲ. ಈಗ ನನಗೆ ಅದು ಚೆನ್ನಾಗಿ ಗೊತ್ತು. ರಿಟೈರ್ ಆದವನು ಮತ್ತೆ ಅಂಬರನಾಥದ ಪಾಸ್ ಮಾಡಿಸಿದ್ದೇನೆ. ಈ ಸಲ ಲೇಟ್ ಮಾರ್ಕ್ ಹಾಕುವವಳು ಪಕ್ಕದ ಸೀಟಿನಲ್ಲೇ ಕೂತಿರುತ್ತಾಳೆ.